ಯಾವುದು ಹೆಚ್ಚು, ಜಪಾನಿಯಲ್ಲಿ ಹೇಳಿ

ಎರಡು ವಸ್ತು ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಅಂತ ಕೇಳಿದರೆ ಬೇರೆ ಊರಲ್ಲಿ ಉತ್ತರ ಬರುತ್ತೆ, ನಮ್ಮ ಕೋಲಾರದಲ್ಲಿ ಜಗಳ ಬರುತ್ತೆ. ಪ್ರತಿ ಬ್ಯಾಚಿನಲ್ಲೂ ಇದೇ ಗೋಳು. ಭಾನುವಾರ ನಮ್ಮ ಮನೆ ಮಹಡಿ ಮೇಲೆ ಜಪಾನಿ ಭಾಷೆ ಕಲಿಸ್ತೀನಿ. ಬರೋರೆಲ್ಲ ಸುತ್ತಲಿನ ಫ್ಯಾಕ್ಟರಿಗಳಲ್ಲಿ ಜಪಾನಿ ಸಾಹೇಬರ ಕೈಕೆಳಗೆ ದುಡಿಯೋರು. "ನನ್ನ ಹೆಸರು ಇಂಥದ್ದು", "ಇದು ಪೆನ್ನು" ಅನ್ನೋವರೆಗೂ ಎಲ್ಲರೂ ದೇವರಂಥವರು. ಹೋಲಿಕೆಯ ಪಾಠ ಬಂತೋ, ನನ್ನ ಬಿಪಿ ಏರುತ್ತೆ.

ಪಾಠವೇನೋ ಸುಲಭದ್ದೇ. ನಾವು "ಗಿಂತ" ಅನ್ನೋ ಜಾಗದಲ್ಲಿ ಅವರು "ಯೋರಿ" ಅಂತಾರೆ. "ಎರಡೂ" ಅನ್ನೋಕೆ "ದೋಚಿರಾಮೋ". ಈ ಎರಡನೇ ಮಾತನ್ನ ನಾನು ಕಲಿಸಲೇಬಾರದಿತ್ತು.

ಮಾವಿನ ಪಂಚಾಯ್ತಿ

ಮಾವಿನ ಕಾಲ. ಬೋರ್ಡಿನ ಮೇಲೆ ಅಮಾಯಕಳಾಗಿ ಬರೆದೆ: "ಶ್ರೀನಿವಾಸಪುರದ ಮಾವು ಮುಳಬಾಗಿಲ ಮಾವು ಯೋರಿ ಸಿಹಿ." ಮುಳಬಾಗಿಲಿನ ಫಿಟ್ಟರ್ ಒಬ್ಬರನ್ನ ಎಬ್ಬಿಸಿ, ಓದಿ ಅಂದೆ.

ಅವರು ಬೋರ್ಡ್ ನೋಡಿದರು, ನನ್ನ ನೋಡಿದರು. "ಓದಲ್ಲ ಮೇಡಮ್."

"ಯಾಕ್ರೀ?"

"ಬೇಕಾದ್ರೆ ಬರ್ಕೊಡ್ತೀನಿ. ಬಾಯಲ್ಲಿ ಮಾತ್ರ ಹೇಳಲ್ಲ. ನಾಳೆ ನಮ್ಮೂರ ಬಸ್ ಸ್ಟ್ಯಾಂಡಲ್ಲಿ ನಾನು ಇಳೀಬೇಕಲ್ಲ?"

ಶ್ರೀನಿವಾಸಪುರದವನು ಮೀಸೆ ತಿರುವಿದ. "ಸತ್ಯ ಹೇಳೋಕೆ ಭಯ ಪಡ್ತಾನೆ ನೋಡಿ ಮೇಡಮ್!" ಮಾಲೂರಿನವನು ಸಮಾಧಾನ ಮಾಡೋಕೆ ಅಂತ ಎದ್ದು, "ಎರಡೂ ಹುಳೀನೇ ಬಿಡ್ರಪ್ಪ" ಅಂದುಬಿಟ್ಟ. ಆಮೇಲೆ ಕೇಳಬೇಕಾ!

ಮುಂದಿನ ಭಾನುವಾರ ಮೂರು ತಾಲ್ಲೂಕಿಂದ ಮೂರು ಕ್ರೇಟ್ ಮಾವು ಸಾಕ್ಷಿಯಾಗಿ ಬಂದವು. ತಿಂದು ತೀರ್ಪು ಕೊಡಬೇಕಾದವಳು ನಾನು. ಸೀರೆ ತುಂಬ ರಸ. ತೀರ್ಪು ಕೊಟ್ಟರೆ ಒಬ್ಬರಾದರೂ ಕ್ಲಾಸು ಬಿಡ್ತಾರೆ ಅಂತ ಗೊತ್ತಿತ್ತು, ಅದಕ್ಕೆ ತಿಂತಾನೇ ಇದ್ದೆ. ಆ ದಿನ ಹೋಲಿಕೆ ಯಾರಿಗೂ ಬರಲಿಲ್ಲ. "ಇನ್ನೂ ಒಂದು ಕೊಡಿ" ಅನ್ನೋದು ಮಾತ್ರ ಎಲ್ಲರಿಗೂ ಜಪಾನಿಯಲ್ಲಿ ಬಾಯಿಪಾಠ ಆಯ್ತು.

ಉಪ್ಪು ಮೆಣಸಿನಕಾಯಿ

ಆ ಬ್ಯಾಚಿನಲ್ಲಿ ಆಂಧ್ರ ಗಡಿಯ ರಾಯಲ್ಪಾಡಿಂದ ಒಬ್ಬಳು ಬರ್ತಿದ್ದಳು. ಫ್ಯಾಕ್ಟರಿಯಲ್ಲಿ ಅವಳಿಗೆ ವಾರ ಬಿಟ್ಟು ವಾರ ರಾತ್ರಿ ಪಾಳಿ. ಮೂರು ವರ್ಷದ ಮಗಳು ಅಮ್ಮ ಬೇಕು ಅಂತ ಅತ್ತು ಅತ್ತು ಅಜ್ಜಿ ಮಗ್ಗುಲಲ್ಲಿ ಮಲಗ್ತಿತ್ತು. ಅವಳ ಸಾಹೇಬರು ಒಂದು ಮಾತು ಕೊಟ್ಟಿದ್ದರು: ತಮ್ಮ ಜೊತೆ ಐದು ನಿಮಿಷ ಜಪಾನಿಯಲ್ಲಿ ಮಾತಾಡಿದರೆ ಆಫೀಸು ಕೆಲಸ, ಬೆಳಗಿನ ಪಾಳಿ. ಆ ಹುಡುಗಿಗೆ ಅದೊಂದೇ ಆಸೆ, ಮಗಳನ್ನ ತಾನೇ ಮಲಗಿಸಬೇಕು ಅಂತ.

ಜೊತೆಗೆ ಅತ್ತೆನೂ ಮಗೂನ ಎತ್ಕೊಂಡು ಬರ್ತಿದ್ದರು. ಹಿಂದಿನ ಬೆಂಚೇ ಆಯಮ್ಮನ ಸಿಂಹಾಸನ. ಮನೆಮಾತು ತೆಲುಗು, ಗಂಟಲು ಮೈಕು.

ಒಂದಿನ ನಾನು ಪಾಠದ ಭರದಲ್ಲಿ ಆ ಮಗೂನೂ ನನ್ನ ಪಕ್ಕದ ಮನೆ ಮಗೂನೂ ನಿಲ್ಲಿಸಿ, "ಈ ಮಗು ಆ ಮಗು ಯೋರಿ ದಪ್ಪ" ಅಂತ ಇಡೀ ಕ್ಲಾಸಿನ ಬಾಯಲ್ಲಿ ಹೇಳಿಸಿದೆ.

"ಅಮ್ಮೋ! ಚಾಲು ಚಾಲು!" ಅಂತ ಹಿಂದಿನ ಬೆಂಚಿಂದ ತೆಲುಗಲ್ಲಿ ಕೂಗು, ಸಾಕು ಸಾಕು ಅಂತ. ಅಷ್ಟು ಜನ ಒಟ್ಟಿಗೆ ದಪ್ಪ ದಪ್ಪ ಅಂದರೆ ಮಗು ಗತಿ ಏನು? ಕೆಳಗೆ ನಮ್ಮ ಅಡುಗೆಮನೆಗೇ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ದೃಷ್ಟಿ ತೆಗೆದರು. ಮಗೂಗೆ ಮಾತ್ರ ಅಲ್ಲ, ಸಾಲಾಗಿ ಎಲ್ಲರಿಗೂ. "ಕಣ್ಣು ಹಾಕಿದೋಳು ಇವಳೇ" ಅಂತ ನನಗೆ ಎರಡು ಸುತ್ತು ಜಾಸ್ತಿ!

ಕಾಫಿನೋ ಟೀನೋ

ಮಾವು ಮುಗಿದು ಅವರೆಕಾಯಿ ಕಾಲ ಬಂತು, ಸಾಹೇಬರ ಐದು ನಿಮಿಷದ ಪರೀಕ್ಷೆ ಹತ್ತಿರ ಬಂತು. ನಮ್ಮ ಹುಡುಗಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಏನು ಕೇಳಿದರೂ ದೋಚಿರಾಮೋ.

"ಕಾಫಿ ಇಷ್ಟವೋ, ಟೀ ಇಷ್ಟವೋ?"

ಹಿಂದೆ ತಿರುಗಿ ಅತ್ತೇನ ನೋಡೋಳು. "ದೋಚಿರಾಮೋ."

"ಬೇಸಿಗೆನೋ, ಚಳಿಗಾಲನೋ?"

ಮತ್ತೆ ಹಿಂದೆ ನೋಟ. "ದೋಚಿರಾಮೋ."

ನನಗೋ ಮೂಗಿನ ತುದೀಲೇ ಕೋಪ. "ಅಲ್ಲ ಕಣೇ, ಚಳಿಗಾಲಕ್ಕೂ ನಿಮ್ಮತ್ತೆಗೂ ಏನು ಸಂಬಂಧ?"

ಮೆಲ್ಲಗೆ ಅಂದಳು, "ಏನಂದ್ರೆ ಏನಾಗುತ್ತೋ ಮೇಡಮ್. ಮನೆಗೆ ಹೋಗಬೇಕಲ್ಲ."

"ದೋಚಿರಾಮೋ ಅಂತಿದ್ರೆ ಜೀವನಪೂರ್ತಿ ರಾತ್ರಿ ಪಾಳಿ ಮಾಡ್ತೀಯ! ನಿಮ್ಮತ್ತೆಗೆ ಜಪಾನಿ ಎಲ್ಲಿ ಬರುತ್ತೆ? ಧೈರ್ಯವಾಗಿ ಒಂದು ಕಡೆ ಹೇಳು. ಎರಡೂ ಅನ್ನೋದು ಹೇಡಿಗಳ ಉತ್ತರ!"

ಅತ್ತೆ ತಲೆ ಎತ್ತಲಿಲ್ಲ. ನೆನೆಸಿದ ಅವರೆಕಾಳನ್ನ ಪಟಪಟ ಅಂತ ಹಿದುಕ್ತಾನೇ ಇದ್ದರು.

ಸಾಹೇಬರ ಊಟ

ಸಾಹೇಬರು ಒಳ್ಳೆ ಮನುಷ್ಯ. ಹುಡುಗಿ ಗಾಬರಿ ಆಗಬಾರದು ಅಂತ ಕ್ಲಾಸಿಗೇ ಬಂದರು. ಅತ್ತೆ ಬಿಡ್ತಾರಾ? ಕ್ಯಾರಿಯರ್ ತುಂಬ ಹಿದಕಬೇಳೆ ಸಾರು, ಮುದ್ದೆ. ಪಾಪ, ಮನುಷ್ಯ ಮುದ್ದೆ ಅಗಿದು ಅಗಿದು ದವಡೆ ನೋಯಿಸಿಕೊಂಡರು. ನುಂಗೋದು ಹೇಗೆ ಅಂತ ಅತ್ತೆನೇ ತಿಂದು ತೋರಿಸಿದರು. ಎರಡನೇ ಸಲ ಸಾರು ಹಾಕಿಸಿಕೊಂಡು, ಬೆವರು ಒರೆಸಿಕೊಂಡು, ಪರೀಕ್ಷೆ ಶುರು ಮಾಡಿದರು.

ಹೆಸರು, ಊರು, ಕೆಲಸ, ಎಲ್ಲ ಸಲೀಸು. ಕೊನೆಗೆ ಖುಷಿಯಲ್ಲಿ ಕೇಳಿಬಿಟ್ಟರು: "ನಿಮ್ಮ ಅಮ್ಮನ ಅಡುಗೆ, ಅತ್ತೆಯ ಅಡುಗೆ. ಯಾವುದು ಹೆಚ್ಚು ರುಚಿ?"

ಹುಡುಗಿ ನನ್ನ ನೋಡಿದಳು. ಎರಡೂ ಅನ್ನಬೇಡ ಅಂತ ನಾನು ಕಣ್ಣಲ್ಲೇ ಗದರಿದೆ. ಅವಳು ಮಗಳನ್ನ ಒಂದು ಸಲ ನೋಡಿ, ಕಣ್ಣು ಮುಚ್ಚಿ, ತಪ್ಪೇ ಇಲ್ಲದ ಜಪಾನಿಯಲ್ಲಿ ಹೇಳಿದಳು: "ಅಮ್ಮನ ಅಡುಗೆ ಅತ್ತೆಯ ಅಡುಗೆ ಯೋರಿ ರುಚಿ."

ಅಬ್ಬ, ಗೆದ್ದೆವು ಅಂದುಕೊಂಡೆ.

ಹಿಂದಿನ ಬೆಂಚಿಂದ ಮೈಕು ಮೊಳಗಿತು. ಅದೂ ಜಪಾನಿಯಲ್ಲಿ! "ನನ್ನ ಅಡುಗೆ ಸೊಸೆಯ ಅಡುಗೆ ಯೋರಿ ರುಚಿ!"

ಹುಡುಗಿ ಥಟ್ಟನೆ ಹಿಂದೆ ತಿರುಗಿದಳು. ಮಾವಿನ ಕಾಲದಿಂದ ಅಲ್ಲೇ ಕೂತಿದ್ದ ಹೆಂಗಸು, ಅವರೆಕಾಳಿನ ಜೊತೆ ಪಾಠಾನೂ ಹಿದುಕಿದ್ದರು. ಹೇಡಿಗಳ ಉತ್ತರ ಅಂತ ನಾನಂದಿದ್ದನ್ನೂ ಕೇಳಿಸ್ಕೊಂಡಿದ್ದರು ಅಂತ ಆಯ್ತು!

ಸಾಹೇಬರು ಹೊಟ್ಟೆ ಹಿಡ್ಕೊಂಡು ನಕ್ಕರು. ಪಾಸು, ಮುಂದಿನ ತಿಂಗಳಿಂದ ಬೆಳಗಿನ ಪಾಳಿ ಅಂದರು. ಹುಡುಗಿ ಗಳಗಳ ಅತ್ತಳು. ಅತ್ತೆ ಎದ್ದು ಬಂದು ಸೆರಗಿಂದ ಅವಳ ಕಣ್ಣೊರೆಸಿ, "ಅಡುಗೆ ಇಚಾರ ಮನೇಲಿ ನೋಡ್ಕೊಳ್ತೀನಿ. ಮೊದ್ಲು ಮಗೂನ ಎತ್ಕೋ" ಅಂದರು. ನನಗೂ ಕಣ್ಣು ತುಂಬಿ ಬಂತು.

ಅಷ್ಟಕ್ಕೆ ಎದ್ದು ಹೋಗಬಾರದಾ ಆ ಮನುಷ್ಯ? ನನ್ನ ಕಡೆ ತಿರುಗಿದರು. "ಟೀಚರ್, ಅತ್ತೆ ಸೊಸೆ ಇಬ್ಬರಲ್ಲಿ ಯಾರ ಜಪಾನಿ ಹೆಚ್ಚು ಚೆನ್ನಾಗಿದೆ?"

ಇಡೀ ಕ್ಲಾಸು ನನ್ನ ಬಾಯಿ ನೋಡ್ತಿತ್ತು. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ದೋಚಿರಾಮೋ" ಅಂದೆ.