ಸಾರಿಗೆ ಬಿದ್ದ ಕೆನ್ನೆ

ಅಡುಗೆಮನೆಯಲ್ಲೇ ಆಯಸ್ಸು ಸವೆಸಿದವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಫ್ರಿಜ್ಜಿನಲ್ಲಿ ಯಾವ ಡಬ್ಬಿ ಕಂಡರೂ ಕೆಡುವ ಮೊದಲು ಅದನ್ನು ಒಲೆಗೇರಿಸಬೇಕು ಅನ್ನಿಸುತ್ತದೆ. ಮಕ್ಕಳೇ, ನನ್ನ ಈಗಿನ ಸುಸ್ತಿಗೆಲ್ಲ ಆ ಅಭ್ಯಾಸವೇ ಕಾರಣ.

ನಿಮ್ಮೆಲ್ಲರಿಗಿಂತ ಹಿರಿಯಳಾದ ಭವ್ಯ ಪಾಂಡವಪುರದ ನಮ್ಮ ಮನೆಯಿಂದ ನಾಗಮಂಗಲದ ಕಡೆಯ ಫಾರ್ಮಸಿ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳಲ್ಲ, ಅವಳು ಅಲ್ಲಿ ಸೀಬೆ ಚಿಗುರಿನ ಸಾರ ತೆಗೆದು ತೆಳ್ಳನೆಯ ಹಾಳೆ ಮಾಡುತ್ತಿದ್ದಾಳೆ. ಬಾಯಿಹುಣ್ಣಾದವರು ಅದನ್ನು ಕೆನ್ನೆಯ ಒಳಗೆ ಅಂಟಿಸಿಕೊಂಡರೆ ಔಷಧಿ ಅಲ್ಲೇ ನಿಧಾನವಾಗಿ ಇಳಿಯುತ್ತದಂತೆ. ನಿಮ್ಮ ತಾತ ಅದೇ ಚಿಗುರನ್ನು ಅಗಿದು, ಔಷಧಿಯನ್ನೆಲ್ಲ ನಾನು ಆಗತಾನೇ ಸಾರಿಸಿದ ಅಂಗಳಕ್ಕೆ ಉಗಿಯುತ್ತಿದ್ದರು. ಹಾಗಾಗಿ ಅಂಟಿಕೊಳ್ಳುವ ಔಷಧಿ ಎಂದಾಗ ಹೆಚ್ಚು ಖುಷಿಪಟ್ಟವಳು ನಾನೇ. ಆದರೆ ಅದು ಎಷ್ಟು ಹೊತ್ತು ಅಂಟಿರುತ್ತದೆಂದು ಮೊದಲು ಕಡಿದ ಮೇಕೆಯ ಕೆನ್ನೆಯ ಒಳಮೈ ಮೇಲೆ ನೋಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಭವ್ಯ ಅದಕ್ಕೆಂದೇ ಫ್ರಿಜ್ಜಿನ ಡಬ್ಬಿಯಲ್ಲಿ ತಂದಿಟ್ಟಿದ್ದ ಮಾಂಸವನ್ನು ನನ್ನ ಮಗ ತಂದಿಟ್ಟಿರಬೇಕೆಂದುಕೊಂಡು ಮಸಾಲೆ ಅರೆದೆ.

"ಅಜ್ಜಿ, ಡಬ್ಬೀಲಿದ್ದ ಕೆನ್ನೆ ಎಲ್ಲೋಯ್ತು?" ಕಾಲೇಜಿಗೆ ರಜೆಯಿದ್ದ ಆ ದಿನ ಸಂಜೆ ಭವ್ಯ ಕೇಳಿದಳು.

"ಮಧ್ಯಾನ ಎರಡ್ ಸಲ ಬಡಿಸ್ಕಂಡ್ಯಲ್ಲವ್ವ."

ಅವಳು ತೊಳೆದಿಟ್ಟ ಡಬ್ಬಿಯನ್ನು ಕೈಗೆತ್ತಿಕೊಂಡಳು. "ನಾಳೆ ಅದ್ರ ಮೇಲೆ ಅಂಟಿಸಿ ತೋರಿಸ್ದಿದ್ರೆ ಪ್ರಾಜೆಕ್ಟೇ ತಕೊಳಲ್ಲ ಅಂದವ್ರೆ ಮೇಡಮ್ಮು."

ಬೆಳಿಗ್ಗೆ ಅವಳು ಹಾಳೆ ಕತ್ತರಿಸುತ್ತ ಕುಳಿತಿದ್ದಳು. ಸಾರಿಗೆ ಹಾಕಿದವಳೇ ಮಟನ್ ಅಂಗಡಿಗೆ ಹೋಗಬೇಕಾಯಿತು. ಗಂಡಸರ ನಡುವೆ ಬಾಯಿಬಿಟ್ಟು ಮಾತಾಡಿ ಗೊತ್ತಿಲ್ಲದವಳು ನಾನು. ಸೆರಗು ಹೊದ್ದು, ನೋಯುವ ಮಂಡಿ ಹಿಡಿದು ಬಹಳ ಹೊತ್ತು ನಿಂತೆ. ಬಸ್ಸಿನ ಹೊತ್ತಾಗುತ್ತಿತ್ತು. ಕೊನೆಗೆ, "ಮೇಕೆ ಕೆನ್ನೆ ಬೇಕಾಗಿತ್ತಪ್ಪ, ಒಳಗಡೆ ತೊಗಲು ಕುಯ್ದೋಗ್ಬಾರ್ದು" ಎಂದೆ.

"ಅಜ್ಜಿಗೆ ಹಲ್ಲಿಲ್ಲ ಕಣ್ಲಾ, ಮೆತ್ಗಿರದು ನೋಡ್ ಕೊಡು," ಎಂದ ಹಿಂದಿನಿಂದ ಒಬ್ಬ.

ಅಂಗಡಿಯವನು ನಗಲಿಲ್ಲ. "ಕೆನ್ನೆ ಕುಯ್ಕೊಟ್ಬುಟ್ರೆ ಮಿಕ್ಕಿದ್ ತಲೆನ ಯಾರ್ಗವ್ವ ಮಾರ್ಲಿ? ತಲೇನೇ ತಕೊಂಡೋಗಿ," ಎಂದ. ಏಕೆಂದು ವಿವರಿಸುವ ಧೈರ್ಯ ನನಗಿರಲಿಲ್ಲ. ತಲೆಯನ್ನೇ ಹೊತ್ತು ತಂದೆ.

ಕೆನ್ನೆ ಐಸಿನ ಡಬ್ಬಿಯಲ್ಲಿ ಕಾಲೇಜಿಗೆ ಹೋಯಿತು. ಉಳಿದದ್ದು ಸಾರಾಯಿತು. ನನ್ನ ಮಗ ತಟ್ಟೆಯ ಮುಂದೆ ಕುಳಿತು, "ಅವ್ವ, ಇದು ನಾವು ತಿನ್ನೋದಾ, ಕಾಲೇಜಿಂದಾ?" ಎಂದು ಕೇಳಿದ. ಮುದ್ದೆಯನ್ನು ಮೊಸರಿನಲ್ಲಿ ಉಂಡು ಎದ್ದ.

ಸಂಜೆ ಭವ್ಯ ನಗುತ್ತ ಬಂದಳು. "ಹಾಳೆ ಕಡೇವರ್ಗೂ ಬೀಳ್ಲೇ ಇಲ್ಲ ಕಣಜ್ಜಿ. ಮೇಡಮ್ಮು ಒಪ್ಕಂಡ್ರು. ಎಲ್ಲ ಸರಿಯಾದ್ರೆ ಮುಂದೆ ಮನುಷ್ಯರ ಬಾಯಲ್ಲಿ ನೋಡ್ತಾರಂತೆ."

ಹೇಳುವಾಗ ಅವಳ ಕಣ್ಣು ನನ್ನ ಮುಖದ ಮೇಲಿತ್ತು. ನಾನು ಸೆರಗನ್ನು ಇನ್ನಷ್ಟು ಎಳೆದುಕೊಂಡೆ. ಈ ಮನೆಯಲ್ಲಿ ನಾನು ಸಾರಿಗೆ ಹಾಕಲಾರದ ಕೆನ್ನೆ ಯಾವುದೆಂದು ಅವಳು ಹುಡುಕಿಕೊಂಡಂತಿದೆ.