ಮನೆಯೊಳಗಿನ ವಾಸ

ಕಣ್ಣು ಹೋದರೆ ಜನ ಅಯ್ಯೋ ಅನ್ನುತ್ತಾರೆ, ಕಿವಿ ಹೋದರೆ ಗಟ್ಟಿಯಾಗಿ ಮಾತಾಡುತ್ತಾರೆ. ಮೂಗು ಹೋದರೆ ಮಾತ್ರ ‘ಒಳ್ಳೆಯದೇ ಆಯ್ತು, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಆರಾಮ’ ಅನ್ನುತ್ತಾರೆ. ಕೊರೊನಾ ಬಂದುಹೋದ ಮೇಲೆ ನನಗೂ ಹೆಂಡತಿ ಸುಮತಿಗೂ ವಾಸನೆ ತಿಳಿಯುವುದಿಲ್ಲ. ಈ ಬಗ್ಗೆ ಬರುವ ಸಂಶೋಧನೆಗಳನ್ನೆಲ್ಲ ಮೊಬೈಲಿನಲ್ಲಿ ಓದುವುದು ಈಗ ನನ್ನ ಚಟ. ವೈರಸ್ಸು ಮೂಗಿನ ನರವನ್ನು ನೇರವಾಗಿ ಮುಟ್ಟುವುದಿಲ್ಲವಂತೆ; ಅದನ್ನು ಸಾಕುವ ಅಕ್ಕಪಕ್ಕದ ಜೀವಕೋಶಗಳನ್ನು ಕೆಡಿಸುತ್ತದಂತೆ. ದಿನಾ ಲವಂಗ, ನಿಂಬೆ ಮೂಸಿ ಮೂಗಿಗೆ ಮತ್ತೆ ಪಾಠ ಹೇಳಿಕೊಡಬೇಕಂತೆ. ಇಬ್ಬರೂ ಮೂಸಿದ್ದೇ ಮೂಸಿದ್ದು. ನಮ್ಮ ಮೂಗುಗಳು ಕಲಿಯಲಿಲ್ಲ. ಅನ್ನ ಸೀದರೂ ಹೊಗೆ ಕಂಡ ಮೇಲೆಯೇ ನಮಗೆ ಗೊತ್ತು.

ಅದೇ ಕೊರೊನಾದಲ್ಲಿ ಅಮ್ಮ ಹೋದಳು. ನಾವೂ ಹಾಸಿಗೆ ಹಿಡಿದಿದ್ದೆವು, ಮುಖ ಕೂಡ ನೋಡಲಾಗಲಿಲ್ಲ. ಆ ಸಂಕಟ ಹಾಗೆಯೇ ಉಳಿದಿದೆ. ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಮಾವಶಿ ಎಂದು ಕರೆಯುವವಳು, ಸ್ಟೇಷನ್ನಿಗೆ ಓಡುವ ಗಡಿಬಿಡಿಯಲ್ಲಿ ನಮ್ಮ ಬಾಗಿಲ ಬಳಿ ನಿಂತು, “ತುಮ್‌ಚ್ಯಾ ಘರಾತ್ ಕಸ್ಲಾ ತರೀ ವಾಸ್ ಆಹೇ” ಎಂದು ಹೇಳಿ ಮೆಟ್ಟಿಲಿಳಿದಳು. ಎಲ್ಲರ ಮನೆಗೂ ಮೂಗು ತೂರಿಸುವವಳು ಆಕೆ. ವಡಾಲದಲ್ಲಿ ಇಷ್ಟು ಕಾಲ ಇದ್ದರೂ ನಮ್ಮ ಮರಾಠಿ ಭಾಜಿ ಕೊಳ್ಳುವಷ್ಟೇ.

ಸುಮತಿ ಬಿಳಿಚಿಕೊಂಡಳು. “ಕೇಳಿದಿರಾ ಮಾರಾಯ್ರೆ? ಮನೆಯಲ್ಲಿ ಯಾರದ್ದೋ ವಾಸ ಉಂಟಂತೆ! ಅತ್ತೆಯೇ ಇರ್ಬೇಕು. ಅವರಿಗೊಂದು ಎಲೆ ಬಡಿಸಿದ್ದೇವಾ ನಾವು?”

ನಗಬೇಕೆಂದುಕೊಂಡೆ. ನಗು ಬರಲಿಲ್ಲ.

ನಮ್ಮ ಉಡುಪಿ ಕಡೆ ಸತ್ತವರಿಗೆ, ಅಂದರೆ ಕುಲೆಗಳಿಗೆ, ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ. ನಮ್ಮ ಮನೆಯಲ್ಲಿ ಬಚ್ಚಲು ಬಿಟ್ಟರೆ ಮುಚ್ಚಲು ಬರುವ ಬಾಗಿಲಿರುವುದು ಅಡುಗೆಮನೆಗೆ ಮಾತ್ರ. ಬಡಿಸುವ ತನಕ ಒಲೆ ಹಚ್ಚುವುದು ಬೇಡವೆಂದಳು ಸುಮತಿ. ನಮ್ಮ ಅಡುಗೆಯ ಮೇಲೆ ನಮಗೇ ಭರವಸೆ ಇಲ್ಲದ್ದರಿಂದ ನಾನೂ ಹೂಂ ಎಂದು ಹೋಟೆಲಿನಿಂದ ಕೋಳಿಸಾರು, ನೀರುದೋಸೆ ತಂದೆ. ಮುಸ್ಸಂಜೆ ಬಡಿಸಿ, ಕಿಟಕಿ ಹಾಕಿ, ಬಾಗಿಲೆಳೆದು ಕೂತೆವು. ಒಳಗಿನಿಂದ ಸಣ್ಣಗೆ ‘ಸ್ಸ್...’ ಎಂದು ಕೇಳತೊಡಗಿತು. ಖಾರ ತಿಂದರೆ ಅಮ್ಮ ಹಾಗೆಯೇ ಬಾಯಲ್ಲಿ ಗಾಳಿ ಎಳೆಯುತ್ತಿದ್ದಳು. ಆದರೆ ಇದು ನಿಲ್ಲಲೇ ಇಲ್ಲ.

“ದೀಪವೇ ಇಡ್ಲಿಲ್ಲ ನೀವು! ಕತ್ತಲೆಯಲ್ಲಿ ಉಣ್ಣುವುದಾ ಅವರು?” ಎಂದು ಸುಮತಿ ಪಿಸುಗುಟ್ಟಿದಳು.

ಬೆಂಕಿಪೆಟ್ಟಿಗೆ ಹಿಡಿದು ಬಾಗಿಲು ತೆರೆದೆ, ಕಡ್ಡಿಯನ್ನೂ ಹೊರತೆಗೆದೆ. ಅಷ್ಟರಲ್ಲಿ ಕೆಲಸದಿಂದ ಮರಳಿದ ಮಾವಶಿ “ಗ್ಯಾಸ್‌ಚಾ ವಾಸ್! ಗ್ಯಾಸ್‌ಚಾ!” ಎಂದು ಕೂಗುತ್ತ ನುಗ್ಗಿ, ನನ್ನ ಕೈಯಿಂದ ಪೆಟ್ಟಿಗೆ ಕಿತ್ತು, ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆರೆದಳು. ಬೆಳಿಗ್ಗೆ ಸಣ್ಣಗೆ ಸೀಳಿದ್ದ ರಬ್ಬರ್ ಪೈಪು ಸಂಜೆಗೆ ಬಾಯಿಬಿಟ್ಟಿತ್ತು. ಮರಾಠಿಯಲ್ಲಿ ವಾಸ ಅಂದರೆ ವಾಸನೆ ಎಂದು ನಮಗೆ ತಿಳಿದದ್ದು ಆಗ.

ಪೈಪು ಬದಲಾಯಿಸಿದೆವು. ಈಗ ಮಾವಶಿ ದಿನಾ ಬಂದು ನಮ್ಮ ಮನೆಯನ್ನು ಮೂಸಿ ಹೋಗುತ್ತಾಳೆ. ನಿನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತವಳು, “ಆಜ್ ಮೋಗ್ರಾ ಕೋಣೀ ಆಣಲಾ?” ಎಂದು ಕೇಳಿದಳು. ಮಲ್ಲಿಗೆ ಯಾರು ತಂದದ್ದು ಅಂತ. ಯಾರೂ ತಂದಿರಲಿಲ್ಲ. ಅಮ್ಮ ದಿನಾ ಮುಡಿಯುತ್ತಿದ್ದದ್ದು ಮಲ್ಲಿಗೆಯನ್ನೇ. ಕೊರೊನಾದಿಂದ ಕೆಟ್ಟ ಮೂಗಿಗೆ ಇಲ್ಲದ ವಾಸನೆ ಬರುವುದುಂಟು ಎಂದು ಓದಿದ್ದೇನೆ, ಆದರೆ ಮಾವಶಿಯ ಮೂಗು ಕೆಟ್ಟಿಲ್ಲವಲ್ಲ. ಅವಳು ಹೋದ ಮೇಲೆ ಬಗ್ಗಿ, ಕೂತು, ಡಬ್ಬಿಗಳ ಸಂದಿಗೆಲ್ಲ ಮೂಗಿಟ್ಟು ಉಸಿರೆಳೆದೆ. ಏನೂ ಇಲ್ಲ. ಅಮ್ಮ ಬಂದದ್ದು ಪಕ್ಕದ ಮನೆಯವಳಿಗೆ ತಿಳಿಯಿತು, ಹೆತ್ತ ಮಗನಿಗೆ ತಿಳಿಯಲಿಲ್ಲ.