ಬೀಗರ ಸವಾರಿಗೆ ಒಂದು ಕ್ಯಾನ್ ಡೀಸೆಲ್

ಕೆಲಸಕ್ಕೆ ಸೇರುವಾಗ ಗುಲಾಬಿ ತೋಟ ನೋಡಿಕೊಳ್ಳಬೇಕು ಎಂದಿದ್ದರು. ದೋಣಿಯ ವಿಷಯ ಯಾರೂ ಹೇಳಿರಲಿಲ್ಲ. ಆದರೆ ಸೂಳಗಿರಿ ಕಡೆಯ ನಮ್ಮ ಯಜಮಾನರ ಬಳಿ ಹೇಳದೆ ಬರುವ ಕೆಲಸಗಳೇ ಹೆಚ್ಚು. ಒಂದು ಅರ್ಥವಾಯಿತು ಎನ್ನುವಷ್ಟರಲ್ಲಿ ಅರ್ಥವಾಗದ ಇನ್ನೊಂದು ಬಂದು ಕೂತಿರುತ್ತದೆ.

ದೋಣಿ ಬಂದದ್ದು ಬೀಗರಿಂದಾಗಿ. ಯಜಮಾನರ ಮಗಳ ಮದುವೆಯಲ್ಲಿ ಅಳಿಯನ ತಂದೆ, ಕೃಷ್ಣಗಿರಿಯ ತಮ್ಮ ಮಾವಿನ ತೋಪಿನಲ್ಲಿ ಈಜುಕೊಳ ಇದೆಯೆಂದು ಊಟದ ಪಂಕ್ತಿಯ ಉದ್ದಕ್ಕೂ ಹೇಳಿಕೊಂಡು ಬಂದರು. ಯಜಮಾನರು ತಡೆಯಲಾರದೆ, "ನಮ್ಮ ಕೊಳದಾಗೆ ದೋಣಿ ಓಡ್ತದೆ" ಎಂದುಬಿಟ್ಟರು. ಆಗ ದೋಣಿ ಇರಲಿಲ್ಲ. ಕೊಳವೆಂದರೆ ಗುಲಾಬಿಗೆ ನೀರು ಹಿಡಿದಿಡಲು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ. ಆಡಿದ ಮಾತಿಗಾಗಿ ಕೇರಳದಿಂದ ಹಳೆಯದೊಂದು ಡೀಸೆಲ್ ದೋಣಿ ಲಾರಿಯ ಮೇಲೆ ಬಂತು. ಹೊಂಡವನ್ನು ಅದು ಒಂದು ಸುತ್ತು ಹಾಕುವಷ್ಟರಲ್ಲಿ ಕೈಯಲ್ಲಿರುವ ಕಾಫಿ ಆರುವುದಿಲ್ಲ. ಬೀಗರು ಸವಾರಿಗೆ ಬರುವ ಭಾನುವಾರವೂ ಗೊತ್ತಾಯಿತು. "ಅವತ್ತು ನನ್ನ ಮಾತು ಬಿದ್ದೋದ್ರೆ ಮಗಳು ಆ ಮನೇಲಿ ತಲೆ ಎತ್ತಂಗಿಲ್ಲ ಮ್ಯಾನೇಜರ್ರೇ" ಎಂದು ಯಜಮಾನರು ಡೀಸೆಲ್‌ನ ಜವಾಬ್ದಾರಿ ನನಗೆ ವಹಿಸಿದರು. ನಾನು ಓದಿದ್ದು ಎಂ.ಎ. ಅರ್ಥಶಾಸ್ತ್ರ.

ಬಂಕಿನ ಸಾಲಿನಲ್ಲಿ

ಹೆದ್ದಾರಿಯ ಬಂಕಿನವನು ಪ್ಲಾಸ್ಟಿಕ್ ಕ್ಯಾನಿಗೆ ಹಾಕಲಾರೆ ಎಂದ.

"ದೋಣಿಗೆ ಕಣಪ್ಪಾ" ಎಂದರು ಯಜಮಾನರು.

"ಹಂಗಾದ್ರೆ ದೋಣೀನೇ ತನ್ನಿ ಸಾರ್."

ಅವನು ತಮಾಷೆಗೆ ಹೇಳಿದ್ದ. ಮರುದಿನ ಟ್ರಾಕ್ಟರಿನ ಟ್ರೇಲರ್ ಮೇಲೆ ದೋಣಿ ಹೋಗಿ, ಸಿಮೆಂಟ್ ಲಾರಿಗೂ ಕಾರ್ಖಾನೆಯ ಬಸ್ಸಿಗೂ ನಡುವೆ ಸಾಲಿನಲ್ಲಿ ನಿಂತಿತು. ಅವನು ಅದರ ಹಿಂದೆ ಮುಂದೆ ನೋಡಿದ.

"ನಂಬರ್ ಎಲ್ಲಿ ಸಾರ್?"

"ನೀರಾಗೆ ಯಾರಪ್ಪಾ ನಂಬರ್ ಕೇಳ್ತಾರೆ?"

"ಇಲ್ಲಿ ನೀರಿಲ್ವಲ್ಲ ಸಾರ್."

ಇಬ್ಬರೂ ಯೋಚನೆಗೆ ಬಿದ್ದರು. ಹಿಂದಿನ ಬಸ್ಸು ಹಾರನ್ ಒತ್ತಿ ಚರ್ಚೆ ಮುಗಿಸಿತು. ಅವನು ಟ್ಯಾಂಕ್ ತುಂಬಿಸಿ ಮುಚ್ಚಳ ಹಾಕಿ, ಎಲ್ಲ ಗಾಡಿಗಳಿಗೂ ಕೇಳುವಂತೆ ಕೇಳಿದ: "ಗಾಳಿ ಹಿಡೀಬೇಕಾ ಸಾರ್?"

ಯಜಮಾನರು ದೋಣಿಯ ತಳ ನೋಡಿ ಹೇಳಿದರು: "ಬ್ಯಾಡಪ್ಪಾ, ಹೋದ ವಾರಾನೇ ಹಿಡ್ಸಿದ್ದೀನಿ."

ಆವಿಯಾದದ್ದು

ತೋಟಕ್ಕೆ ಮರಳಿದಾಗ ದೋಣಿಯ ಟ್ಯಾಂಕ್ ಹನಿಯುತ್ತಿತ್ತು. ಮೆಕ್ಯಾನಿಕ್ ಬಂದು ಡೀಸೆಲ್ಲನ್ನು ಕ್ಯಾನಿಗೆ ಇಳಿಸಿ ಟ್ಯಾಂಕಿಗೆ ಬೆಸುಗೆ ಹಾಕಿದ. ಬೆಸುಗೆ ಬಹಳ ದಿನ ತಡೆಯುವುದಿಲ್ಲ, ಡೀಸೆಲ್ ಕ್ಯಾನಿನಲ್ಲೇ ಇರಲಿ, ಸವಾರಿಯ ದಿನ ಮಾತ್ರ ಸುರಿಯಿರಿ ಎಂದ.

ಇಡುವುದೆಲ್ಲಿ? ಮನೆಯೊಳಗೆ ಬೇಡವೆಂದು ಯಜಮಾನರ ತಾಯಿ ಬಾಗಿಲಲ್ಲೇ ನಿಂತರು. "ದೇವ್ರ ಮನೆ ಗೋಡೆ ಆಚೆಗೇ ಐತೆ. ನಾಳೆ ಊದಿನಕಡ್ಡಿ ಹಚ್ಚಿದ್ರೆ ದೇವ್ರ ಸಮೇತ ಹೋಗ್ಬುಡ್ತೀವಿ ಕಣ್ಲಾ." ಅಜ್ಜಿಯ ಮಾತಿನಲ್ಲಿ ವಿಜ್ಞಾನವಿತ್ತೋ ಭಯವಿತ್ತೋ ತಿಳಿಯಲಿಲ್ಲ. ನನಗಂತೂ ಸರಿ ಎನಿಸಿತು. ಕ್ಯಾನ್ ಪಂಪ್ ಮನೆಗೆ ಹೋಯಿತು.

ವಾರ ಕಳೆದು ನೋಡಿದರೆ ಕ್ಯಾನ್ ಅರ್ಧ ಖಾಲಿ. ಕೆಲಸದವರನ್ನು ಕರೆದು ಕೇಳಿದೆ. ಎಲ್ಲರದೂ ಒಂದೇ ಉತ್ತರ: "ಬಿಸಿಲಿಗೆ ಆವಿ ಆಗೋಗೈತೆ ಸಾ." ಯಜಮಾನರು ನಂಬಿ ತಲೆಯಾಡಿಸಿದರು. ನಾನೂ ನಂಬುತ್ತಿದ್ದೆ. ಆದರೆ ಆವಿಯಾದ ಡೀಸೆಲ್ಲಿನ ವಾಸನೆ, ನೋವಿಗೆಂದು ತಿಕ್ಕಿಕೊಂಡ ಅವರೆಲ್ಲರ ಮೊಣಕಾಲಿನಿಂದ ಬರುತ್ತಿತ್ತು.

ಸಾಕ್ಷಿ ಕರಗುವುದು

ಬಿಸಿಲಿಗೆ ಆವಿಯಾಗುವುದಾದರೆ ತಂಪಿನಲ್ಲಿಡಬೇಕು, ಬೀಗವೂ ಇರಬೇಕು. ಹಾಗಾಗಿ ಉಳಿದ ಡೀಸೆಲ್ ಹೂವಿನ ಕೋಲ್ಡ್ ರೂಮಿಗೆ ಹೋಯಿತು. ಗುಲಾಬಿ ಬಾಡದಿರಲಿ ಎಂದು ಅಲ್ಲಿ ಹಲ್ಲು ಕಟಕಟಿಸುವ ಚಳಿ.

ಬೀಗರು ಬರುವ ವಾರ ಕ್ಯಾನ್ ಬಗ್ಗಿಸಿದರೆ ಏನೂ ಸುರಿಯಲಿಲ್ಲ. ಒಳಗೆ ಬೆಳ್ಳಗೆ ಹೆರೆತುಪ್ಪದ ಹಾಗೆ ಕೂತಿತ್ತು.

"ಬಂಕಿನೋನು ಡಾಲ್ಡಾ ಬೆರ್ಸವ್ನೆ" ಎಂದರು ಯಜಮಾನರು.

ಚಳಿಗೆ ಗಟ್ಟಿಯಾಗಿರಬಹುದು ಎಂದೆ.

"ಇಷ್ಟ್ ವರ್ಸ ಟ್ರಾಕ್ಟರ್ ಓಡ್ಸಿವ್ನಿ. ಎಂದಾದ್ರೂ ಗಟ್ಟಿ ಆಯ್ತಾ?"

"ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತಲ್ಲ ಯಜಮಾನ್ರೇ."

"ಅದು ತಲೆಗೆ ಹಚ್ಚೋದು ಮ್ಯಾನೇಜರ್ರೇ."

ಕ್ಯಾನನ್ನು ಜೀಪಿನ ಹಿಂದೆ ಹಾಕಿಕೊಂಡು ಮಟಮಟ ಮಧ್ಯಾಹ್ನ ಬಂಕಿಗೆ ಹೋದೆವು. ಮುಚ್ಚಳ ತೆಗೆದರೆ ಒಳಗೆ ತಿಳಿಯಾದ ಡೀಸೆಲ್. ಬಂಕಿನವನು ನಮ್ಮ ಮುಖ ನೋಡಿದ. ಯಜಮಾನರು ನನ್ನ ಮುಖ ನೋಡಿದರು. ವಾಪಸು ತಂದು ಕೋಲ್ಡ್ ರೂಮಿನಲ್ಲಿಟ್ಟೆವು. ಮರುದಿನ ಮತ್ತೆ ತುಪ್ಪ.

"ನಮ್ಮನ್ನ ಕಂಡ್ರೆ ಗಟ್ಟಿ, ಅವನ್ನ ಕಂಡ್ರೆ ನೀರು" ಎಂದು ಯಜಮಾನರು ತಲೆ ಕೆರೆದುಕೊಂಡರು. ಈ ಸಲ ಸಾಕ್ಷಿ ಕೈತಪ್ಪದಂತೆ, ಹೂವು ಸಾಗಿಸುವ ತಂಪು ವ್ಯಾನಿನಲ್ಲಿ ಕ್ಯಾನ್ ಹೊರಟಿತು. ಬಂಕಿನವನು ಕಡ್ಡಿ ಹಾಕಿ ತಿರುವಿದ. ಕಡ್ಡಿ ನೆಟ್ಟಗೆ ನಿಂತಿತು. ತಾನು ಇಷ್ಟು ದಿನ ಏನು ಮಾರುತ್ತಿದ್ದೇನೆಂದು ಅವನಿಗೇ ಅನುಮಾನ ಹುಟ್ಟಿತು. ಕ್ಯಾನನ್ನು ತಾನೇ ಇಟ್ಟುಕೊಂಡು, ಕಬ್ಬಿಣದ ಡಬ್ಬವೊಂದನ್ನು ತುಂಬಿಸಿ ಕೊಟ್ಟು, ನಮಗೆ ಟೀ ತರಿಸಿದ.

"ಈಗ ಕೊಟ್ಟಿರೋದು ಚೊಕ್ಕ ಮಾಲು. ಕೆಡಬಾರ್ದು" ಎಂದ ಯಜಮಾನರು, ತೋಟಕ್ಕೆ ಬಂದವರೇ ಡಬ್ಬವನ್ನು ನೇರವಾಗಿ ಕೋಲ್ಡ್ ರೂಮಿಗೆ ಕೊಂಡುಹೋದರು.

ಭಾನುವಾರ

ಡಬ್ಬವನ್ನು ಬಿಸಿಲಿಗಿಡಬೇಕೆಂದು ನಾನು ಬೇಗ ಬಂದೆ. ಬೀಗರು ಅದಕ್ಕಿಂತ ಬೇಗ ಬಂದಿದ್ದರು. ಯಜಮಾನರು ಅವರಿಗೆ ಗುಲಾಬಿ ತೋರಿಸಲು ಕೋಲ್ಡ್ ರೂಮ್ ತೆರೆದಿದ್ದರು. ಬೀಗರು ಗುಲಾಬಿ ಬಿಟ್ಟು ಡಬ್ಬದೊಳಗೆ ಇಣುಕುತ್ತಿದ್ದರು.

"ಇದೇನ್ ಬೀಗ್ರೇ, ತುಪ್ಪವಾ?"

"ಡೀಸೆಲ್ಲು."

"ಡೀಸೆಲ್ಲು ಹಿಂಗಿರ್ತದಾ?"

ಅವರ ಜೊತೆ ಬಂದಿದ್ದ ಮಗಳು ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳಿದರು: "ನಿಮ್ಮ ಕಡೆ ಸಿಗೋದು ನೀರ್ ಡೀಸೆಲ್ಲು. ಇದು ಗಟ್ಟಿ. ದೋಣಿಗೇ ಅಂತ ಬರೋದು. ಒಂದ್ ಚಮಚ ಹಾಕಿದ್ರೆ ಕೊಳ ಒಂದ್ ಸುತ್ತು."

ಬೀಗರು ಬೆರಳಲ್ಲಿ ಒತ್ತಿ ನೋಡಿದರು, ಮೂಸಿದರು. ಈಜುಕೊಳದ ಮಾತು ಆಮೇಲೆ ಬರಲೇ ಇಲ್ಲ.

"ಕಾರಿಗೆ ಆಯ್ತದಾ?"

"ಹಾಕಿದ್ರೆ ಕಾರು ನಿಲ್ಲೋದೇ ಇಲ್ಲ."

"ಹಂಗಾದ್ರೆ ಈ ಡಬ್ಬ ನಂಗೆ ಕೊಡಿ ಬೀಗ್ರೇ."

ಗಂಡಿನ ಕಡೆಯವರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಅಜ್ಜಿ ಡಬ್ಬಕ್ಕೆ ಅರಿಶಿನ ಕುಂಕುಮ ಇಟ್ಟು, ಮೇಲೆ ಎಲೆ ಅಡಿಕೆ ತೆಂಗಿನಕಾಯಿ ಇಟ್ಟರು. ದೋಣಿಗೆ ಒಂದು ಹನಿಯೂ ಉಳಿಯಲಿಲ್ಲ. ಬೀಗಿತಿ ಕಟ್ಟಿಹಾಕಿದ ದೋಣಿಯಲ್ಲಿ ಕೂತು ಫೋಟೋ ತೆಗೆಸಿಕೊಂಡರು. "ಸವಾರಿ ಯಾವಾಗಾದ್ರೂ ಆಯ್ತದೆ ಬಿಡಿ" ಎಂದು ಬೀಗರೇ ಅವಸರ ಮಾಡಿ ಹೊರಟರು. ಮಗಳು ತಲೆ ಎತ್ತಿಕೊಂಡೇ ಕಾರು ಹತ್ತಿದಳು.

ಸಂಜೆ ಕೃಷ್ಣಗಿರಿಯಿಂದ ಫೋನ್ ಬಂತು. ಬೀಗರ ದನಿ ಕುಗ್ಗಿತ್ತು.

"ದಾರೀಲಿ ಊಟಕ್ಕೆ ನಿಲ್ಸಿದ್ವಿ ಬೀಗ್ರೇ. ಅಲ್ಲೇ ಯಾವನೋ ಬದ್ಲಾಯ್ಸ್‌ಬುಟ್ಟವ್ನೆ. ಡಬ್ಬದಾಗೆ ಇರೋದು ಮಾಮೂಲಿ ಡೀಸೆಲ್ಲು."

"ಹೋಗ್ಲಿ ಬಿಡಿ, ಇನ್ನೊಂದ್ ಡಬ್ಬ ಕಳಿಸ್ತೀನಿ" ಎಂದು ಯಜಮಾನರು ಸಮಾಧಾನ ಹೇಳಿ ಫೋನ್ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನಾಳೆ ಅದೇ ಬಂಕಿಗೆ ಹೋಗಿ ಮ್ಯಾನೇಜರ್ರೇ. ಎದುರಿಗೇ ನಿಂತು ಹಾಕಿಸ್ಕಳಿ. ನೀರ್ ನೀರಾಗಿ ಕೊಟ್ರೆ ತಗೋಬ್ಯಾಡಿ."